ಮೊಳೆ ಹೊಡೆದ ಕಿಟಕಿಗಳು

ಅವನಿಗೂ ಅಪ್ಪ ಅಮ್ಮ ಇಟ್ಟ ಹೆಸರೊಂದಿತ್ತು. ಹಾಜರಿ ಪುಸ್ತಕದಲ್ಲಿ ಸಹಿ ಹಾಕುವಾಗ ಬಿಟ್ಟರೆ ಅದು ಬೇರೆ ಯಾವ ಕೆಲಸಕ್ಕೂ ಬರುತ್ತಿರಲಿಲ್ಲ. ಕಾರ್ಖಾನೆಯಲ್ಲಿ ಅವನು ಎದುರಿಗೆ ಸಾರ್, ಬೆನ್ನ ಹಿಂದೆ ಬಿರುಕಪ್ಪ. ಕೆಲವರು ಮರೆತು ಎದುರಿಗೇ ಬಿರುಕಪ್ಪ ಅಂದುಬಿಡುತ್ತಿದ್ದರು, ಅವನೂ ಮರೆತು ಓಗೊಟ್ಟುಬಿಡುತ್ತಿದ್ದ. ಕೈ ತೊಳೆಯುವ ಬೇಸಿನ್ನು, ಕಮೋಡು, ಅದರ ನೀರಿನ ತೊಟ್ಟಿ ಮಾಡುವ ಕಾರ್ಖಾನೆ ಅದು. ಊರಿಗೆಲ್ಲ ಕೂರಲು ಜಾಗ ಮಾಡಿಕೊಡುವವರು ನಾವು, ನಮಗೆ ಮಾತ್ರ ಕೂರಲು ಪುರುಸೊತ್ತಿಲ್ಲ ಎನ್ನುವುದು ಅಲ್ಲಿನ ಹಳೆಯ ನಗೆಮಾತು.

ಭಟ್ಟಿಯಿಂದ ಹೊರಬಂದ ಒಂದೊಂದು ಸಾಮಾನನ್ನೂ ಬಿರುಕಪ್ಪ ಪುಟ್ಟ ಮರದ ಸುತ್ತಿಗೆಯಿಂದ ತಟ್ಟುತ್ತಿದ್ದ. ಟಣ್ ಎಂದರೆ ಪಾಸು. ಡಬ್ ಎಂದರೆ ಒಳಗೆಲ್ಲೋ ಬಿರುಕು ಬಿಟ್ಟಿದೆ, ಒಡೆಯುವ ಗುಂಡಿಗೆ ಹೋಗಬೇಕು. ಆದರೆ ಗುಂಡಿಗೆ ಕಳಿಸುವ ಮೊದಲು ಅವನು ಅದರ ಮುಂದೆ ಕುಕ್ಕರಗಾಲಿನಲ್ಲಿ ಕೂತು, ಕನ್ನಡಕ ಹಣೆಗೇರಿಸಿ, ಬಿರುಕಿನ ತಲೆ ಎಲ್ಲಿ ಬಾಲ ಎಲ್ಲಿ ಎಂದು ಬೆರಳಿನಿಂದ ಸವರಿ ನೋಡುತ್ತಿದ್ದ. ಭಟ್ಟಿಯಲ್ಲಿ ಕಂಡ ಬಿರುಕು ಭಟ್ಟಿಯಲ್ಲೇ ಹುಟ್ಟಿದ್ದಲ್ಲ, ಬೆಂಕಿ ಅದನ್ನು ತೆರೆದು ತೋರಿಸುತ್ತದೆ ಅಷ್ಟೇ, ಹುಟ್ಟಿದ ಜಾಗ ಹಿಂದೆಲ್ಲೋ ಇದೆ ಎನ್ನುವುದು ಅವನ ಖಚಿತವಾದ ನಂಬಿಕೆ. ಹಾಗೆ ಹಿಂದೆ ಹಿಂದೆ ಹೋಗಿ, ಯಾವ ಕೆಲಸದಲ್ಲಿ, ಯಾವ ದಿನ, ಯಾವ ಕಾರಣಕ್ಕೆ ಎಂದು ಪತ್ತೆ ಮಾಡಿ ದೋಷದ ಪುಸ್ತಕದಲ್ಲಿ ಬರೆದರೇನೇ ಅವನಿಗೆ ಊಟ ಸೇರುತ್ತಿದ್ದದ್ದು. ಇಪ್ಪತ್ತಾರು ವರ್ಷದಲ್ಲಿ ಒಂದೇ ಒಂದು ಸುಳ್ಳು ಕಾರಣ ಬರೆದವನಲ್ಲ. ಗೊತ್ತಾಗದಿದ್ದರೆ ಗೊತ್ತಾಗಲಿಲ್ಲ ಎಂದೇ ಬರೆಯುತ್ತಿದ್ದ. ಮದುವೆಯಾಗಲಿಲ್ಲ. ಬಂದ ಹುಡುಗಿಯರನ್ನೆಲ್ಲ ತಟ್ಟಿ ನೋಡಿರಬೇಕು ನಮ್ಮಣ್ಣ ಎಂದು ಅವನ ತಂಗಿಯೇ ಆಡಿಕೊಂಡು ನಗುತ್ತಿದ್ದಳು.

ಒಂಬತ್ತು ವರ್ಷದ ಕೆಳಗೆ ಕಾರ್ಖಾನೆಗೆ ಒಂದು ಕೆಟ್ಟ ಕಾಲ ಬಂದಿತ್ತು. ನೂರು ಬೇಸಿನ್ನಿಗೆ ಹದಿನೆಂಟು ಭಟ್ಟಿಯಿಂದ ಒಡೆದುಕೊಂಡೇ ಬರುತ್ತಿದ್ದವು. ಮಣ್ಣು ಸರಿಯಿಲ್ಲ ಎಂದು ಮ್ಯಾನೇಜರ್ ಮಣ್ಣು ಬದಲಾಯಿಸಿದ. ಬೆಂಕಿ ಸರಿಯಿಲ್ಲ ಎಂದು ಭಟ್ಟಿಯವನನ್ನು ಬದಲಾಯಿಸಿದ. ಬಿರುಕು ಮಾತ್ರ ಜಪ್ಪಯ್ಯ ಅನ್ನಲಿಲ್ಲ. ಬಿರುಕಪ್ಪ ಒಡೆದ ಬೇಸಿನ್ನುಗಳನ್ನೆಲ್ಲ ಅಂಗಳದಲ್ಲಿ ಸಾಲಾಗಿ ಇಡಿಸಿದ. ನೋಡಿದರೆ ಎಲ್ಲದಕ್ಕೂ ಎಡಗಡೆಯ ಅಂಚೇ ಸೀಳಿದೆ. ಎಡಗಡೆ ಏನಿದೆ ಎಂದು ಹುಡುಕಿಕೊಂಡು ಅವನು ಹಿಂದೆ ನಡೆದ.

ಸಾಮಾನು ಮಾಡುವುದೇನು ದೊಡ್ಡ ವಿದ್ಯೆಯಲ್ಲ. ಬಿಳಿಮಣ್ಣು, ಕಲ್ಲಿನ ಪುಡಿ, ನೀರು ಕಲಸಿ, ಕೆನೆಯಷ್ಟು ಗಟ್ಟಿ ಮಾಡಿ, ಪ್ಲಾಸ್ಟರಿನ ಅಚ್ಚಿಗೆ ಸುರಿಯುತ್ತಾರೆ. ಅಚ್ಚು ನೀರು ಕುಡಿದ ಮೇಲೆ ಬಿಚ್ಚಿ ಒಣಗಿಸುತ್ತಾರೆ. ಒಣಗಿದ, ಇನ್ನೂ ಸುಡದ ಹಸಿ ಸಾಮಾನಿನ ಮೇಲೆ ಅಚ್ಚಿನ ಗೆರೆ, ಗಂಟು ಇರುತ್ತವಲ್ಲ, ಅವನ್ನು ಮರಳುಕಾಗದದಿಂದ ಉಜ್ಜಿ ನಯ ಮಾಡುತ್ತಾರೆ. ಆಮೇಲೆ ಹೊಳಪಿನ ನೀರು ಬಳಿದು ಬೆಂಕಿಗೆ. ಕಷ್ಟವೆಲ್ಲ ಇರುವುದು ಒಣಗುವುದರಲ್ಲಿ. ಮಣ್ಣು ಒಣಗುತ್ತ ಕುಗ್ಗುತ್ತದೆ. ಎಲ್ಲ ಕಡೆ ಒಂದೇ ಸಮ ಕುಗ್ಗಿದರೆ ತೊಂದರೆಯಿಲ್ಲ. ಒಂದು ಪಕ್ಕ ಬೇಗ ಒಣಗಿ ಇನ್ನೊಂದು ಪಕ್ಕ ಹಸಿಯಾಗಿಯೇ ಉಳಿದರೆ ಎರಡೂ ಜಗ್ಗಾಡಿಕೊಂಡು ನಡುವೆ ಕೂದಲೆಳೆಯಷ್ಟು ಸೀಳುತ್ತವೆ. ಆಗ ಕಣ್ಣಿಗೆ ಕಾಣುವುದಿಲ್ಲ. ಬೆಂಕಿಗೆ ಹೋದ ಮೇಲೆ ಅದೇ ಬಾಯಿ ಬಿಡುತ್ತದೆ.

ಒಣಗಿಸುವುದೂ ಉಜ್ಜುವುದೂ ಒಂದೇ ಉದ್ದನೆಯ ಶೆಡ್ಡಿನಲ್ಲಿ. ಅದಕ್ಕೆ ಉಜ್ಜುಮನೆ ಎಂದು ಹೆಸರು. ಉಜ್ಜುಮನೆಯ ಎಡಗೋಡೆಗೆ ಏಳು ಕಿಟಕಿಗಳಿದ್ದವು. ಗಾಳಿ ಅಲ್ಲಿಂದ ಬಂದು ಸಾಮಾನಿನ ಎಡಗೆನ್ನೆಗೆ ತಾಗುತ್ತಿತ್ತು. ಸಿಕ್ಕಿಬಿದ್ದ ಕಳ್ಳ! ಬಿರುಕಪ್ಪ ಏಳೂ ಕಿಟಕಿಗಳನ್ನು ಮುಚ್ಚಿಸಿದ. ಹೆಂಗಸರು ಸೆಕೆ ಎಂದು ಮತ್ತೆ ತೆಗೆಯದಿರಲಿ ಎಂದು ಮೊಳೆ ಹೊಡೆಸಿದ. ಗಾಳಿ ಎಳೆಯುವ ಫ್ಯಾನಿನ ಸ್ವಿಚ್ಚನ್ನೇ ಕೀಳಿಸಿದ. ಹದಿನೆಂಟಿದ್ದದ್ದು ಎರಡು ತಿಂಗಳಲ್ಲಿ ನಾಲ್ಕಕ್ಕಿಳಿಯಿತು. ಅವನನ್ನು ದೋಷ ಪರೀಕ್ಷೆಯ ಮುಖ್ಯಸ್ಥನನ್ನಾಗಿ ಮಾಡಿದರು.

ತಂಗಿ ಉಜ್ಜುಮನೆಗೆ ಸೇರಿದ್ದು ಅದೇ ವರ್ಷ. ಗಂಡ ಹೇಳದೆ ಕೇಳದೆ ಬಿಟ್ಟುಹೋಗಿದ್ದ, ಮಗಳಿಗೆ ಆಗ ಹತ್ತು ವರ್ಷ. ಮ್ಯಾನೇಜರಿಗೆ ಹೇಳಿ ಅವಳಿಗೆ ಕೆಲಸ ಕೊಡಿಸಿದವನು ಬಿರುಕಪ್ಪನೇ. "ಭಟ್ಟಿ ಹತ್ರ ಬೇಯೋದು ಬೇಡ, ಅಚ್ಚು ಹೊರೋದೂ ಬೇಡ. ಉಜ್ಜೋ ಕೆಲಸ ಕೂತ್ಕೊಂಡು ಮಾಡೋದು, ಮೈಗೆ ನೋವಿಲ್ಲ" ಎಂದು ಹೇಳಿ ತಾನೇ ಕರೆದುಕೊಂಡು ಹೋಗಿ ಬೆಂಚಿನ ತುದಿಯಲ್ಲಿ ಕೂರಿಸಿ ಬಂದಿದ್ದ.

ಅವಳು ಸಂಜೆ ಮನೆಗೆ ಬಂದರೆ ಹುಬ್ಬು, ರೆಪ್ಪೆ, ಕಿವಿಯ ಹಾಲೆ ಎಲ್ಲ ಬೆಳ್ಳಗೆ. "ಬೇರೆ ಹೆಂಗಸರು ಪೌಡರಿಗೆ ದುಡ್ಡು ಸುರೀತಾರೆ, ನಮಗೆ ಕಂಪನೀನೇ ಬಳಿದು ಕಳಿಸುತ್ತೆ" ಎಂದು ನಗುತ್ತಿದ್ದಳು. ಬಿರುಕಪ್ಪನೂ ನಗುತ್ತಿದ್ದ. ಅವನಿದ್ದದ್ದು ಮೇಲಿನ ಮಹಡಿಯ ಒಂದೇ ಕೋಣೆಯಲ್ಲಿ, ಅವಳು ಮತ್ತು ಮಗಳು ಕೆಳಗಿನೆರಡು ಕೋಣೆಗಳಲ್ಲಿ. ರಾತ್ರಿಯ ಊಟಕ್ಕೆ ಅವನು ಕೆಳಗೆ ಬರುವುದು ವಾಡಿಕೆ. ಮೊದಮೊದಲು ತಂಗಿಯೇ ಮೆಟ್ಟಿಲು ಹತ್ತಿ ಬಂದು ಕರೆಯುತ್ತಿದ್ದಳು. ಆಮೇಲೆ ಕೆಳಗಿನಿಂದಲೇ ಕೂಗತೊಡಗಿದಳು. ಹೋದ ವರ್ಷದಿಂದ ಕೂಗುವುದೂ ನಿಂತು, ಮಗಳು ಬಂದು ಬಾಗಿಲು ತಟ್ಟುತ್ತಿದ್ದಳು. ಬಿರುಕಿನ ಬಾಲ ಕಂಡು ತಲೆ ಹುಡುಕುವ ಮನುಷ್ಯ ಇಷ್ಟನ್ನೂ ಕಣ್ಣೆದುರಿಗೆ ಇಟ್ಟುಕೊಂಡು ಏನೂ ಕಾಣಲಿಲ್ಲ. ವಯಸ್ಸಾಯಿತು, ಸೋಮಾರಿಯಾದಳು ಎಂದುಕೊಂಡ. ಹಾಗೆ ಒಂದೆರಡು ಸಲ ಬಾಯಿಬಿಟ್ಟು ಅಂದೂ ಬಿಟ್ಟಿದ್ದ.

ತಂಗಿಗೆ ಹಿಡಿದ ಕೆಮ್ಮು ನಿಲ್ಲದೆ ಕೊನೆಗೆ ಅವಳನ್ನು ಆಸ್ಪತ್ರೆಗೆ ಕರೆದುಕೊಂಡು ಹೋದ. ಡಾಕ್ಟರಮ್ಮ ಎದೆಯ ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದರು. ಕಪ್ಪಗಿರಬೇಕಾದ ಕಡೆಯೆಲ್ಲ ಸಣ್ಣ ಸಣ್ಣ ಬಿಳಿ ಚುಕ್ಕೆಗಳು.

"ಏನು ಕೆಲಸ ಮಾಡ್ತಾರೆ ಇವರು?"

"ಉಜ್ಜೋದು ಡಾಕ್ಟ್ರೇ. ಒಣಗಿದ ಬೇಸಿನ್ನು ಉಜ್ಜೋದು."

"ನೀರು ಹಾಕಿ ಉಜ್ತಾರಾ, ಒಣಗಿದ್ದನ್ನೇನಾ?"

"ಒಣಗಿದ್ದನ್ನೇ."

"ಕಿಟಕಿ ಗಿಟಕಿ ಇದೆಯಾ ಅಲ್ಲಿ?"

ಬಿರುಕಪ್ಪ ಬಾಯಿ ತೆರೆದ. ಅಷ್ಟರಲ್ಲಿ ತಂಗಿಯೇ "ಇದೆ ಡಾಕ್ಟ್ರೇ, ಏಳಿದೆ" ಎಂದಳು.

ಡಾಕ್ಟರಮ್ಮ ತಂಗಿಯನ್ನು ಹೊರಗೆ ಕೂರಿಸಿ ಅವನೊಬ್ಬನಿಗೇ ಹೇಳಿದರು. ಕಲ್ಲಿನ ಧೂಳು. ಒಳಗೆ ಹೋಗಿ ಗಾಯ ಮಾಡಿ ಅಲ್ಲೇ ಕೂತಿದೆ. ತೆಗೆಯುವ ಔಷಧಿ ಇಲ್ಲ. ಕೆಲಸ ಈವತ್ತೇ ಬಿಡಬೇಕು, ಬಿಟ್ಟರೂ ಅದು ನಿಲ್ಲುತ್ತದೆ ಎಂದು ಹೇಳಲಾರೆ. ಬಿರುಕಪ್ಪ ಕೇಳಿದ್ದು ಒಂದೇ ಪ್ರಶ್ನೆ.

"ಯಾವಾಗ ಶುರುವಾಗಿದ್ದು ಅಂತ ಹೇಳಕ್ಕಾಗುತ್ತಾ?"

"ಇದು ಎಂಟೊಂಬತ್ತು ವರ್ಷದ ಧೂಳು. ಯಾಕೆ?"

ಅವನು ಎದ್ದು ಹೊರಗೆ ಬಂದ. ತಂಗಿಯನ್ನು ಆಟೋದಲ್ಲಿ ಮನೆಗೆ ಬಿಟ್ಟು ನೆಟ್ಟಗೆ ಕಾರ್ಖಾನೆಗೆ ಹೋದ. ಹೊಳಪಿನ ನೀರು ಬಳಿದ ಕಪ್ಪು ಬಿಲ್ಲೆಯೊಂದನ್ನು ಹಸಿಹಸಿಯಾಗಿಯೇ ತಂದು ಉಜ್ಜುಮನೆಯ ಬೆಂಚಿನ ಮೇಲೆ, ತಂಗಿ ಕೂರುತ್ತಿದ್ದ ಜಾಗದಲ್ಲಿ ಇಟ್ಟ. ಸಾಮಾನಿನ ಮೇಲೆ ಚುಕ್ಕೆ ಬಿದ್ದಾಗ ಧೂಳು ಎಲ್ಲಿಂದ ಎಂದು ಹಿಡಿಯುವುದಕ್ಕೆ ಅವನೇ ಹುಡುಕಿಕೊಂಡಿದ್ದ ಉಪಾಯ ಅದು. ಎರಡು ಗಂಟೆ ಬಿಟ್ಟು ಬಂದು ನೋಡಿದರೆ ಕಪ್ಪು ಬಿಲ್ಲೆ ಎಲ್ಲಿ ಹೋಯಿತು ಎಂದು ಹುಡುಕಬೇಕು, ಅಷ್ಟು ಬೆಳ್ಳಗಾಗಿತ್ತು. ತಲೆಯೆತ್ತಿದ. ಶೆಡ್ಡಿನ ಆ ತುದಿಯಲ್ಲಿ ಕೂತಿದ್ದ ಹೆಂಗಸಿನ ಮುಖ ಈ ತುದಿಗೆ ಕಾಣಿಸುತ್ತಿರಲಿಲ್ಲ. ಹನ್ನೊಂದು ಹೆಂಗಸರು, ಮೂಗಿಗೆ ಹಳೆ ಬಟ್ಟೆ ಕಟ್ಟಿಕೊಂಡು, ತಲೆ ಬಗ್ಗಿಸಿ ಉಜ್ಜುತ್ತಿದ್ದರು. ಮಾತಿಲ್ಲ, ಕತೆಯಿಲ್ಲ, ಮರಳುಕಾಗದದ ಸರ್ ಸರ್ ಒಂದೇ. ದಿನಕ್ಕೆ ನಾಲ್ಕು ಸಲ ಅವನು ಇಲ್ಲಿಗೆ ಬಂದು ಹೋಗುತ್ತಿದ್ದ. ಬಂದಾಗಲೆಲ್ಲ ಅವನ ಕಣ್ಣು ಸಾಮಾನಿನ ಮೇಲೆ. ಉಜ್ಜುವವರ ಮೇಲೆ ಬಿದ್ದದ್ದು ಈವತ್ತೇ.

ಕಾರಣ ಸಿಕ್ಕಿತ್ತು. ಯಾವ ಕೆಲಸದಲ್ಲಿ, ಯಾವ ದಿನ, ಯಾರ ಕೈಯಿಂದ, ಎಲ್ಲ ಸಿಕ್ಕಿತ್ತು. ಇಪ್ಪತ್ತಾರು ವರ್ಷದಲ್ಲಿ ಮೊದಲ ಸಲ, ಸಿಕ್ಕಿದ ಕಾರಣವನ್ನು ಅವನು ಪುಸ್ತಕದಲ್ಲಿ ಬರೆಯಲಿಲ್ಲ. ಅಚ್ಚುಗಳ ರಾಶಿಯ ಹಿಂದೆ ಹೋಗಿ ನೆಲದ ಮೇಲೆ ಕೂತು ಅತ್ತ. ಗಂಡಸು ಅಳಬಾರದು ಎಂಬ ನೆನಪೂ ಆಗಲಿಲ್ಲ ಅವನಿಗೆ.

ಎರಡು ದಿನ ಬಿಟ್ಟು ಮ್ಯಾನೇಜರ್ ಕರೆಸಿದ. ಕೆಟ್ಟ ಮನುಷ್ಯನಲ್ಲ ಅವನು. ಕುರ್ಚಿ ತೋರಿಸಿದ, ನೀರು ತರಿಸಿದ, ತಂಗಿ ಹೇಗಿದ್ದಾರೆ ಎಂದು ಕೇಳಿದ. ಆಮೇಲೆ ಮೇಜಿನ ಮೇಲೆ ಒಂದು ಫಾರಂ ಇಟ್ಟ. ಕಾಯಿಲೆಯಿಂದ ಕೆಲಸ ಬಿಡುವವರ ಫಾರಂ. ಕಾಯಿಲೆಗೆ ಕಾರಣ ಎಂಬ ಜಾಗದಲ್ಲಿ ವಿಭಾಗದ ಮುಖ್ಯಸ್ಥ ಬರೆದು ಸಹಿ ಹಾಕಬೇಕು.

"ಹುಟ್ಟಿನಿಂದಲೇ ಎದೆ ದುರ್ಬಲ ಅಂತ ಬರೆದುಬಿಡಿ. ಸುಮ್ನೆ ಯಾಕೆ ತಲೆನೋವು" ಎಂದ ಮ್ಯಾನೇಜರ್. "ಅವರ ಮಗಳಿಗೂ ಹತ್ತೊಂಬತ್ತಾಯ್ತಂತಲ್ಲ? ಅಮ್ಮನ ಜಾಗಕ್ಕೆ ಅವಳನ್ನೇ ತಗೊಳ್ಳೋಣ. ಸೋಮವಾರದಿಂದ ಬರಲಿ. ನಿಮ್ಮ ಮುಖ ನೋಡಿ ಮಾಡ್ತಿರೋದು ಇದು."

ಬಿರುಕಪ್ಪ ಫಾರಂನಿಂದ ತಲೆಯೆತ್ತಿದ. "ಉಜ್ಜುಮನೆಗಾ?"

"ಮತ್ತೆ ಇನ್ನೆಲ್ಲಿಗೆ?"

"ಸಾರ್, ಮೊದಲು ಆ ಕಿಟಕಿ ತೆಗೆಸಬೇಕು" ಎಂದ ಬಿರುಕಪ್ಪ. ಎರಡು ರಾತ್ರಿ ನಿದ್ದೆಗೆಟ್ಟು ಯೋಚಿಸಿದ್ದನ್ನೆಲ್ಲ ಒಂದೇ ಉಸಿರಿಗೆ ಹೇಳಿದ. ಶೆಡ್ಡಿನ ನಡುವೆ ಒಂದು ಗೋಡೆ. ಗೋಡೆಯ ಈಚೆ ಕಿಟಕಿಯಿಲ್ಲದೆ ಒಣಗಿಸುವುದು, ಆಚೆ ಕಿಟಕಿ ತೆರೆದು ಉಜ್ಜುವುದು. ಅದಕ್ಕಿಂತ ಒಳ್ಳೆಯದೆಂದರೆ ಸಾಮಾನು ಅರೆ ಒಣಗಿದಾಗಲೇ ಒದ್ದೆ ಸ್ಪಂಜಿನಲ್ಲಿ ಗೆರೆ ಒರೆಸಿ ತೆಗೆಯುವುದು, ಆಗ ಧೂಳೇ ಹುಟ್ಟುವುದಿಲ್ಲ. ಇಷ್ಟಕ್ಕೆ ಮೂರು ವಾರ ಶೆಡ್ಡು ನಿಲ್ಲಿಸಿದರೆ ಸಾಕು.

"ಮೂರು ವಾರ!" ಎಂದ ಮ್ಯಾನೇಜರ್. "ದೊಡ್ಡ ಆರ್ಡರ್ ಕೂತಿದೆ ತಲೆ ಮೇಲೆ. ಅದು ಮುಗೀಲಿ, ನೋಡೋಣ. ನಾನೂ ಸಂಬಳಕ್ಕೆ ದುಡಿಯೋನೇ ಅಲ್ವೇನ್ರೀ?"

ನೋಡೋಣ ಎಂದರೆ ಆಗುವುದಿಲ್ಲ ಎಂದು ತಿಳಿಯಲು ಬಿರುಕಪ್ಪನಿಗೆ ಸುತ್ತಿಗೆ ಬೇಕಿರಲಿಲ್ಲ. ಫಾರಂ ಮಡಿಸಿ ಜೇಬಿಗಿಟ್ಟುಕೊಂಡು ಬಂದ.

ಮನೆಯಲ್ಲಿ ತಂಗಿ ಮೂರು ದಿಂಬಿಗೆ ಒರಗಿ ಕೂತಿದ್ದಳು. ಮಲಗಿದರೆ ಉಸಿರು ಸಿಕ್ಕುತ್ತಿರಲಿಲ್ಲ. ವಿಷಯ ಕೇಳಿ ಅವಳ ಮುಖ ಅರಳಿತು.

"ಸಹಿ ಹಾಕೋ ಅಣ್ಣ. ಇನ್ನೇನು ಯೋಚನೆ? ಹುಡುಗೀಗೊಂದು ದಾರಿ ಆಗುತ್ತೆ."

"ಅದೇ ಜಾಗಕ್ಕೆ ಕಳಿಸ್ತೀಯಾ ಅವಳನ್ನ? ನಿನ್ನ ಎದೇಲಿ ಇರೋದು ಏನು ಅಂತ ಗೊತ್ತಾ ನಿಂಗೆ?"

"ಧೂಳು" ಎಂದಳು ತಂಗಿ.

"ಡಾಕ್ಟ್ರು ಹೇಳಿದ್ರಾ?"

"ಡಾಕ್ಟ್ರು ಯಾಕೆ ಹೇಳ್ಬೇಕು. ಉಗುಳಿದ್ರೆ ಕಾಣಲ್ವಾ?" ಅವಳು ನಿಂತು ನಿಂತು ಉಸಿರೆಳೆದುಕೊಂಡು ಹೇಳಿದಳು. "ಮೊದಲ ವರ್ಷಾನೇ ಗೊತ್ತಾಗಿತ್ತು ಎಲ್ರಿಗೂ. ನಮ್ಮ ಬೆಂಚಿನ ದೊಡ್ಡಕ್ಕ ಎಲ್ರನ್ನೂ ಸೇರಿಸಿದ್ಲು, ಮ್ಯಾನೇಜರ್ ಹತ್ರ ಹೋಗಿ ಕಿಟಕಿ ತೆಗೆಸಿ ಅಂತ ಕೇಳೋಣ ಅಂತ. ನಾನೇ ಬೇಡ ಅಂದೆ."

"ಯಾಕೆ?"

"ಆಗಷ್ಟೇ ನಿಂಗೆ ಹೆಸರು ಬಂದಿತ್ತಲ್ಲೋ. ನಮ್ಮಣ್ಣ ಹೊಡೆಸಿದ ಮೊಳೆ ನಾನೇ ಕೀಳಿಸಲಾ?"

ಬಿರುಕಪ್ಪನಿಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಬೈದಿದ್ದರೆ, ಶಾಪ ಹಾಕಿದ್ದರೆ ತಡೆದುಕೊಳ್ಳಬಹುದಿತ್ತು. ಅವಳು ಅವನಿಗೇ ಸಮಾಧಾನ ಹೇಳುವವಳಂತೆ ಕೈ ಹಿಡಿದುಕೊಂಡು ಕೂತಿದ್ದಳು. ತನ್ನ ತಂಗಿಯ ಜೀವ ಹೋಗುವುದನ್ನು ತಡೆಯುವುದು ಇನ್ನು ತನ್ನ ಕೈಯಲ್ಲಿಲ್ಲ, ಹುಡುಗಿಯನ್ನಾದರೂ ಆ ಧೂಳಿಗೆ ಕೊಡಬಾರದು ಎಂದು ಅವನು ಅಲ್ಲೇ ನಿರ್ಧರಿಸಿದ.

ಸೋಮವಾರ ಎಲ್ಲರಿಗಿಂತ ಒಂದು ಗಂಟೆ ಮುಂಚೆ ಹೋಗಿ ಅವನೇ ಮೊಳೆ ಕಿತ್ತ. ಒಂಬತ್ತು ವರ್ಷದ ತುಕ್ಕಿಗೆ ಮೊಳೆಗಳು ಮರಕ್ಕೆ ಬೇರು ಬಿಟ್ಟ ಹಾಗೆ ಕೂತಿದ್ದವು. ಏಳನೆಯ ಕಿಟಕಿ ತೆರೆಯುವ ಹೊತ್ತಿಗೆ ಅಂಗೈ ಸುಲಿದಿತ್ತು. ತಂಗಿಯ ಮಗಳನ್ನು ತಾನೇ ಕರೆದುಕೊಂಡು ಬಂದು, ಎರಡನೆಯ ಕಿಟಕಿಯ ಕೆಳಗೆ ಕೂರಿಸಿದ. ಮ್ಯಾನೇಜರಿಗೆ, ಒಂದು ವಾರದ ಪರೀಕ್ಷೆ ಇದು, ಬಿರುಕು ಬಾರದ ಹಾಗೆ ನೋಡಿಕೊಳ್ಳುವ ಜವಾಬ್ದಾರಿ ನನ್ನದು ಎಂದ. ಬಿರುಕಪ್ಪನೇ ಹೊಣೆ ಹೊತ್ತ ಮೇಲೆ ಮ್ಯಾನೇಜರ್ ಏನಂದಾನು? ತಲೆ ಕೆರೆದುಕೊಂಡು ಹೂಂ ಅಂದ.

ಆ ವಾರ ಉಜ್ಜುಮನೆಯಲ್ಲಿ ಒಬ್ಬರ ಮುಖ ಒಬ್ಬರಿಗೆ ಕಂಡಿತು. "ಅಯ್ಯೋ, ನಿಂಗಿಷ್ಟು ಕೂದಲು ನರೆತಿದ್ಯಾ? ಧೂಳು ಅಂದ್ಕೊಂಡಿದ್ದೆ!" ಎಂದು ಒಬ್ಬಳು ಇನ್ನೊಬ್ಬಳನ್ನು ಛೇಡಿಸಿದಳು. ಬೆಂಚಿನ ಹಿರಿಯಳು ದೊಡ್ಡಕ್ಕ ಮೂಗಿನ ಬಟ್ಟೆ ಬಿಚ್ಚಿ ಹಾಡೊಂದನ್ನು ಗುನುಗಿದಳು. ಬಿರುಕಪ್ಪ ಮಾತ್ರ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಸಾಮಾನು ಕಾಯುತ್ತಿದ್ದ. ಗಾಳಿಗೆದುರಾದ ಪಕ್ಕಕ್ಕೆ ಒದ್ದೆ ಗೋಣಿಬಟ್ಟೆ ಹೊದಿಸಿದ. ಮೂರು ಗಂಟೆಗೊಮ್ಮೆ ಒಂದೊಂದನ್ನೂ ತಿರುಗಿಸಿಟ್ಟ. ಆದರೆ ಗೋಣಿ ಇದ್ದದ್ದು ಎಂಬತ್ತು, ಸಾಮಾನು ನಾನೂರು. ಅವನಿಗಿದ್ದದ್ದು ಎರಡೇ ಕೈ.

ಹಸಿ ಸಾಮಾನಿನಲ್ಲಿ ಬಿರುಕು ಇದೆಯೋ ಇಲ್ಲವೋ ನೋಡಲು ಒಂದು ದಾರಿಯಿದೆ. ಬ್ರಷ್ಷಿನಿಂದ ಸೀಮೆಎಣ್ಣೆ ಬಳಿಯಬೇಕು. ಎಲ್ಲ ಕಡೆ ಎಣ್ಣೆ ಆರಿದ ಮೇಲೂ ಬಿರುಕಿರುವ ಕಡೆ ಒಂದು ಕಪ್ಪು ಗೆರೆ ಉಳಿದುಕೊಳ್ಳುತ್ತದೆ. ಗುರುವಾರ ಅವನು ಹತ್ತು ಬೇಸಿನ್ನಿಗೆ ಬಳಿದ. ಮೂರರ ಎಡ ಅಂಚಿನಲ್ಲಿ ಗೆರೆ ಉಳಿಯಿತು. ಅವನು ಬ್ರಷ್ಷನ್ನು ಡಬ್ಬಿಗೆ ಹಾಕಿ, ಡಬ್ಬಿಯ ಮುಚ್ಚಳ ಮುಚ್ಚಿದ. ಹನ್ನೊಂದನೆಯದಕ್ಕೆ ಬಳಿಯಲಿಲ್ಲ. ಸೀಮೆಎಣ್ಣೆ ಹಳೆಯದಿರಬೇಕು, ಹಗಲು ಬಿಸಿಲು ಜಾಸ್ತಿಯಿತ್ತು, ಆ ಮೂರು ಮೂಲೆಯಲ್ಲಿದ್ದವು ಎಂದೆಲ್ಲ ತನಗೆ ತಾನೇ ಹೇಳಿಕೊಂಡ. ಬೇರೆ ಯಾರಾದರೂ ಹಾಗೆ ಹೇಳಿದ್ದರೆ ಅವರ ಜನ್ಮ ಜಾಲಾಡುತ್ತಿದ್ದ. ಪಕ್ಕದ ಕಿಟಕಿಯ ಕೆಳಗೆ ಹುಡುಗಿ ಯಾರದೋ ಮಾತಿಗೆ ಕಿಲಕಿಲ ನಗುತ್ತಿದ್ದಳು. ಆ ನಗು ಕೇಳಿಕೊಂಡು, ನೋಡುವುದನ್ನೇ ಕೆಲಸ ಮಾಡಿಕೊಂಡ ಮನುಷ್ಯ ಆವತ್ತು ನೋಡಬಾರದೆಂದು ತೀರ್ಮಾನಿಸಿದ. ನಾನೂರೂ ಭಟ್ಟಿಗೆ ಹೋದವು.

ಭಟ್ಟಿ ಆರಿ ಬಾಗಿಲು ತೆರೆದಾಗ ನೂರಕ್ಕೆ ಮೂವತ್ತೊಂದು ಒಡೆದಿದ್ದವು. ಡಬ್, ಡಬ್, ಡಬ್. ತಟ್ಟಿ ತಟ್ಟಿ ಅವನಿಗೇ ಕೈ ಸೋತಿತು.

ಮ್ಯಾನೇಜರ್ ಕೂಗಾಡಲಿಲ್ಲ. ಉಜ್ಜುಮನೆಯ ಬಾಗಿಲಲ್ಲಿ ನಿಂತು ಹೆಂಗಸರಿಗೆ ಹೇಳಿದ: "ನೋಡಿ, ಹೀಗೇ ಆದ್ರೆ ಆರ್ಡರ್ ಕೈಬಿಟ್ಟು ಹೋಗುತ್ತೆ. ಆಗ ಹನ್ನೆರಡು ಜನ ಬೇಕಾಗಲ್ಲ, ಐದು ಜನ ಸಾಕು. ಯಾವ ಐದು ಜನ ಅಂತ ನೀವೇ ಮಾತಾಡ್ಕೊಳ್ಳಿ." ಅಷ್ಟು ಹೇಳಿ ಹೊರಟುಹೋದ.

ಬಿರುಕಪ್ಪ ಒಡೆದ ಸಾಮಾನುಗಳ ಪಟ್ಟಿ ಬರೆದು ಮುಗಿಸಿ ಮಧ್ಯಾಹ್ನ ಉಜ್ಜುಮನೆಗೆ ಬಂದರೆ ಒಳಗಿನಿಂದ ಸುತ್ತಿಗೆಯ ಸದ್ದು. ಆರು ಕಿಟಕಿಗಳಿಗೆ ಆಗಲೇ ಮೊಳೆ ಬಿದ್ದಿತ್ತು. ಏಳನೆಯದಕ್ಕೆ ದೊಡ್ಡಕ್ಕ ಸ್ಟೂಲಿನ ಮೇಲೆ ನಿಂತು ಹೊಡೆಯುತ್ತಿದ್ದಳು. ಕೆಳಗೆ ಅವನ ತಂಗಿಯ ಮಗಳು ಅಂಗೈಯಲ್ಲಿ ಮೊಳೆ ಹಿಡಿದು ಒಂದೊಂದೇ ಕೊಡುತ್ತಿದ್ದಳು.

"ನಿಲ್ಸಿ!" ಎಂದು ಕೂಗಿದ ಅವನು. "ಏನ್ ಮಾಡ್ತಿದೀರಾ ನೀವು? ಸಾಯಬೇಕು ಅಂತಿದೀರಾ?"

ದೊಡ್ಡಕ್ಕ ತಿರುಗಿ ನೋಡಿದಳು. ಸಿಟ್ಟೇನೂ ಇರಲಿಲ್ಲ ಅವಳ ಮುಖದಲ್ಲಿ. "ಕಿಟಕಿ ತೆಗೆದ್ರೆ ನಾಳೆ ಮನೆಗೆ ಹೋಗ್ಬೇಕು. ಮುಚ್ಚಿದ್ರೆ ಹತ್ತು ವರ್ಷ ಇದೆಯಲ್ಲಪ್ಪಾ" ಎಂದು ಹೇಳಿ ಮತ್ತೆ ಗೋಡೆಯ ಕಡೆ ತಿರುಗಿದಳು.

ಹುಡುಗಿ ಅವನ ಹತ್ತಿರ ಬಂದು ಪಿಸುಗುಟ್ಟಿದಳು. "ಮಾವ, ಜಗಳ ಆಡ್ಬೇಡಿ. ಐದೇ ಜನ ಅಂದ್ರೆ ಹೊಸಬಳು ನಾನೇ ಮೊದಲು ಹೋಗೋದು. ಅಮ್ಮನ ಔಷಧಿಗೆ ಏನು ಮಾಡೋಣ?"

ಅವಳ ಹುಬ್ಬಿನ ಮೇಲೆ ಆಗಲೇ ಬಿಳಿ ಕೂತಿತ್ತು. ಬಿರುಕಪ್ಪ ಬೆರಳಿನಿಂದ ಅದನ್ನು ಒರೆಸಲು ಹೋದ. ಅವಳು ನಾಚಿಕೊಂಡು ಹಿಂದೆ ಸರಿದಳು.

ಅವನು ಮ್ಯಾನೇಜರಿನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡ.

"ನನ್ನ ಕೆಲಸ ಆ ಹುಡುಗೀಗೆ ಕೊಡಿ ಸಾರ್. ಭಟ್ಟಿ ಬಾಗಿಲ ಹತ್ರ ಬಯಲಲ್ಲಿ ಕೂತು ತಟ್ಟೋ ಕೆಲಸ. ಒಂದು ತಿಂಗಳಲ್ಲಿ ಕಲಿಸಿಕೊಡ್ತೀನಿ, ಅವಳ ಕಿವಿ ಚುರುಕಾಗಿದೆ. ಮುಖ್ಯಸ್ಥೆ ಗಿಖ್ಯಸ್ಥೆ ಏನೂ ಬೇಡ, ಉಜ್ಜೋರ ಸಂಬಳಾನೇ ಕೊಡಿ."

"ಮತ್ತೆ ನೀವು?"

"ಅವಳ ಜಾಗ ಖಾಲಿ ಇರುತ್ತಲ್ಲ, ಅಲ್ಲಿ ನಾನು ಕೂರ್ತೀನಿ."

ಮ್ಯಾನೇಜರ್ ತಮಾಷೆಯೇನೋ ಎಂದು ನೋಡಿದ. ಅಲ್ಲ ಎಂದು ಗೊತ್ತಾದ ಮೇಲೆ ಮನಸ್ಸಿನಲ್ಲೇ ಲೆಕ್ಕ ಹಾಕಿದ. ಮೂವತ್ತೊಂದಕ್ಕೆ ಯಾರನ್ನಾದರೂ ಹೊಣೆ ಮಾಡಿ ಮೇಲಿನವರಿಗೆ ಬರೆಯಬೇಕಿತ್ತು ಅವನಿಗೂ. ಮುಖ್ಯಸ್ಥನನ್ನು ಕೆಳಗಿಳಿಸಲಾಗಿದೆ ಎಂದು ಬರೆದರೆ ಅದು ಚೆನ್ನಾಗಿಯೇ ಕಾಣುತ್ತಿತ್ತು.

"ಸರಿ" ಎಂದ ಕೊನೆಗೆ. "ಆದ್ರೆ ಆ ಫಾರಂ ಇನ್ನೂ ನಿಮ್ಮ ಹತ್ರಾನೇ ಇದೆ."

ಬಿರುಕಪ್ಪ ಜೇಬಿನಿಂದ ಫಾರಂ ತೆಗೆದ. ನಾಲ್ಕು ಮಡಿಕೆಯಾಗಿ, ಬೆವರಿಗೆ ಅಂಚು ಮೆತ್ತಗಾಗಿತ್ತು. ಕಾಯಿಲೆಗೆ ಕಾರಣ ಎಂಬ ಜಾಗದ ಮುಂದೆ ಪೆನ್ನು ಹಿಡಿದು ಕೂತ. ನಿಜವಾದ ಕಾರಣ ಎರಡು ಸಾಲಿನದು, ಅವನಿಗೆ ಬಾಯಿಪಾಠವಾಗಿತ್ತು. ಅದನ್ನು ಬರೆದರೆ ಹುಡುಗಿ ಹೊರಗೆ, ತಂಗಿಯ ಔಷಧಿಯೂ ಹೊರಗೆ, ತಾನೂ ಹೊರಗೆ. ಕಿಟಕಿ ಮಾತ್ರ ಹಾಗೇ ಮುಚ್ಚಿರುತ್ತದೆ. ಅವನು ದುಂಡಗಿನ ಅಕ್ಷರಗಳಲ್ಲಿ, ಹುಟ್ಟಿನಿಂದಲೇ ಎದೆ ದುರ್ಬಲ ಎಂದು ಬರೆದು ಕೆಳಗೆ ಸಹಿ ಹಾಕಿದ. ಎಂಟು ವರ್ಷದವಳಿದ್ದಾಗ ತನ್ನ ತಂಗಿ ತನ್ನನ್ನು ಓಟದಲ್ಲಿ ಸೋಲಿಸುತ್ತಿದ್ದದ್ದು ಅವನಿಗೆ ಚೆನ್ನಾಗಿ ನೆನಪಿತ್ತು. ತನ್ನ ಮೇಲೆ ತನಗೇ ಹೇಸಿಗೆಯಾಯಿತು. ಫಾರಂ ಕೊಟ್ಟು ಎದ್ದು ಬಂದ.

ತಂಗಿಗೆ, ಹುಡುಗಿಯನ್ನು ನನ್ನ ಕೈಕೆಳಗೆ ಹಾಕಿದ್ದಾರೆ ಎಂದು ಮಾತ್ರ ಹೇಳಿದ. ಅವಳು ಆವತ್ತು ಎರಡು ತುತ್ತು ಜಾಸ್ತಿ ಉಂಡಳು.

ತಿಂಗಳು ಕಳೆದ ಮೇಲೆ ಒಂದು ಬೆಳಿಗ್ಗೆ ಹುಡುಗಿ ಭಟ್ಟಿಯ ಬಾಗಿಲಲ್ಲಿ ಸುತ್ತಿಗೆ ಹಿಡಿದು ಕೂತಳು, ಬಿರುಕಪ್ಪ ಉಜ್ಜುಮನೆಗೆ ನಡೆದ. ಹೆಂಗಸರು ಸರಿದು ಬೆಂಚಿನ ತುದಿಯಲ್ಲಿ ಜಾಗ ಮಾಡಿಕೊಟ್ಟರು. ಯಾರೂ ನಗಲಿಲ್ಲ. ಒಬ್ಬಳು ಮರಳುಕಾಗದ ಹರಿದು ಕೊಟ್ಟಳು, ಇನ್ನೊಬ್ಬಳು ಮೂಗಿಗೆ ಕಟ್ಟಿಕೊಳ್ಳಲು ತೊಳೆದ ಬಟ್ಟೆಯ ತುಂಡು ಕೊಟ್ಟಳು. ಅವನು ಒಂದು ಬೇಸಿನ್ನನ್ನು ತೊಡೆಯ ಮೇಲೆ ಒರಗಿಸಿಕೊಂಡು ಉಜ್ಜಲು ಶುರುಮಾಡಿದ. ನಾಲ್ಕು ಸಲ ಎಳೆಯುವಷ್ಟರಲ್ಲಿ ಧೂಳು ಮುಖಕ್ಕೆ ಎದ್ದು, ಕೆಮ್ಮು ಒತ್ತರಿಸಿ ಬಂತು.

"ಹಾಗಲ್ಲಪ್ಪಾ" ಎಂದಳು ಪಕ್ಕದಲ್ಲಿದ್ದ ದೊಡ್ಡಕ್ಕ. "ಉಜ್ಜುವಾಗ ಉಸಿರಾಡಬಾರದು. ಮೊದಲು ಆ ಕಡೆ ತಿರುಗಿ ಉಸಿರು ತುಂಬ್ಕೋ. ಬಿಗಿಹಿಡಿ. ಹದಿನೈದು ಎಳೆತ ಉಜ್ಜು. ಆಮೇಲೆ ಕೈ ನಿಲ್ಸಿ, ಧೂಳು ಕೆಳಗಿಳಿಯೋ ತನಕ ಕಾದು, ಮತ್ತೆ ಆ ಕಡೆ ತಿರುಗಿ ಉಸಿರು ಬಿಡು. ನಾವೆಲ್ಲ ಹಾಗೇ ಮಾಡೋದು."

ಹಾಗಾದರೆ ಈ ಶೆಡ್ಡಿನಲ್ಲಿ ಮಾತಿಲ್ಲದಿದ್ದದ್ದು ಇದಕ್ಕೆ. ಒಂಬತ್ತು ವರ್ಷ ದಿನಕ್ಕೆ ನಾಲ್ಕು ಸಲ ಬಂದು, ಎಷ್ಟು ಶಿಸ್ತಿನ ಹೆಂಗಸರು ಎಂದುಕೊಂಡು ಹೋಗಿದ್ದ ಅವನು.

"ಯಾರು ಹೇಳಿಕೊಟ್ಟಿದ್ದು ಇದನ್ನ?"

"ನಿನ್ನ ತಂಗೀನೇ. ಕಿಟಕಿ ಕೇಳೋದು ಬೇಡ, ನಾವೇ ಏನಾದ್ರೂ ದಾರಿ ಮಾಡ್ಕೊಳ್ಳೋಣ ಅಂದ್ಲು. ಇದು ಅವಳೇ ಹುಡುಕಿದ್ದು. ಅವಳು ಇಪ್ಪತ್ತು ಎಳೆತ ಹಿಡೀತಿದ್ಲು, ನಮಗ್ಯಾರಿಗೂ ಅಷ್ಟು ಆಗಲ್ಲ."

ಬಿರುಕಪ್ಪ ಗೋಡೆಯ ಕಡೆ ತಿರುಗಿ ಎದೆ ತುಂಬ ಉಸಿರೆಳೆದುಕೊಂಡ. ಬಿಗಿಹಿಡಿದು ಉಜ್ಜತೊಡಗಿದ. ಒಂದು, ಎರಡು, ಮೂರು ಎಂದು ದೊಡ್ಡಕ್ಕ ಬೆರಳು ಮಡಿಸಿ ತೋರಿಸುತ್ತಿದ್ದಳು. ಒಂಬತ್ತಕ್ಕೆ ಅವನ ಉಸಿರು ಕಟ್ಟಿ ಬಾಯಿ ತಾನಾಗಿ ತೆರೆದುಕೊಂಡಿತು.

"ಮೊದಲ ದಿನ ಅಷ್ಟೇ" ಎಂದು ದೊಡ್ಡಕ್ಕ ಅವನ ಬೇಸಿನ್ನನ್ನು ಇನ್ನೊಂದು ಮಗ್ಗುಲಿಗೆ ತಿರುಗಿಸಿ ಕೊಟ್ಟಳು.